ಅವರವರ ಚೀಲ ಅವರವರ ಬೆನ್ನಿಗೆ

ಒದ್ದೆ ಕಾಲುಚೀಲ, ಬೂದು ಬಣ್ಣದ್ದು, ಎರಡು, ಅವನ ಬೆನ್ನುಚೀಲಕ್ಕೆ ಪಿನ್ನು ಚುಚ್ಚಿ ಒಣಗಲು ಬಿಟ್ಟಿದ್ದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಲಾಡುತ್ತ ಹೋಗುತ್ತಿವೆ, ಅವುಗಳ ಹಿಂದೆ ನಾನು — ಎಂಟು ದಿನದಿಂದ ನಾನು ಕಂಡ ದೃಶ್ಯವೆಲ್ಲ ಇದೇ, ಸರೋವರ ನೋಡಿದ್ಯಾ ಹೇಜಲ್, ಗುಡ್ಡ ನೋಡಿದ್ಯಾ ಹೇಜಲ್, ನೋಡಿದೆನಪ್ಪ, ಎಲ್ಲವನ್ನೂ ನಿನ್ನ ಕಾಲುಚೀಲದ ಆಚೀಚೆ ಉಳಿದ ಜಾಗದಲ್ಲಿ ನೋಡಿದೆ. ಪಶ್ಚಿಮದ ಕಡಲಿನಲ್ಲಿ ಬೂಟು ಅದ್ದಿ ಹೊರಟದ್ದು, ಪೂರ್ವದ ಕಡಲಿನಲ್ಲಿ ಅದ್ದಿದರೆ ಮುಗಿಯಿತು, ನೂರ ತೊಂಬತ್ತು ಮೈಲಿ, ಇದಕ್ಕೆ ರಜೆ ಎಂದು ಹೆಸರು. ದಾರಿ ತೋರಿಸುವವರಿಲ್ಲ, ಜೊತೆಗೆ ಗುಂಪಿಲ್ಲ, ಕಂಪನಿಯವರು ಪ್ಲಾಸ್ಟಿಕ್ ಹೊದಿಕೆಯೊಳಗೆ ದಾರಿಯ ಹಾಳೆಗಳನ್ನು ಕೊಟ್ಟಿದ್ದಾರೆ, ದೊಡ್ಡ ಪೆಟ್ಟಿಗೆಗಳನ್ನು ದಿನವೂ ವ್ಯಾನಿನಲ್ಲಿ ಮುಂದಿನ ಊರಿಗೆ ಸಾಗಿಸುತ್ತಾರೆ, ಉಳಿದದ್ದು ನಮ್ಮ ಕಾಲು, ನಮ್ಮ ಹಣೆಬರಹ. ಆ ಹಾಳೆಗಳು ನೆವಿಲ್‌ನ ಕೊರಳಲ್ಲಿ ಪದಕದ ಹಾಗೆ ನೇತಾಡುತ್ತವೆ, ಮದುವೆಯಾಗಿ ಮೂವತ್ತಾರು ವರ್ಷವಾಯಿತು, ದಾರಿಯ ಹಾಳೆ ಯಾವತ್ತೂ ಅವನ ಕೊರಳಲ್ಲೇ. ಮುಂದೆ ಹೋದವನು ಗೇಟಿನ ಹತ್ತಿರ ನಿಂತು ಕಾಯುತ್ತಾನೆ, ನೀರು ಕುಡಿಯುತ್ತಾನೆ, ಕಲ್ಲುಗೋಡೆಗೆ ಒರಗಿ ಕುರಿಗಳನ್ನು ನೋಡುತ್ತಾನೆ, ನಾನು ಏದುಸಿರು ಬಿಡುತ್ತ ತಲುಪಿದ ಕ್ಷಣವೇ, ಹಾ, ಬಂದ್ಯಾ, ಸರಿ ಹೊರಡೋಣ — ಹೊರಟೇಬಿಡುತ್ತಾನೆ, ಅವನ ದಣಿವು ಆರಿದೆ, ನನ್ನದು ಈಗಷ್ಟೇ ಶುರುವಾಗಿದೆ, ಹೀಗೆ ದಿನಕ್ಕೆ ಮೂವತ್ತು ಗೇಟು. ಮುಂದಿನ ಗೇಟಿನಲ್ಲಿ ಕೇಳುತ್ತೇನೆ, ಅವನು ಹೊರಡೋಣ ಎನ್ನುವ ಮುಂಚೆಯೇ ಕೇಳುತ್ತೇನೆ, ಆರ್ ಅಂದ್ರೆ ಯಾರು ನೆವಿಲ್, ಇಷ್ಟೇ. ರೇಮಂಡ್ ಎಂದರೆ ಉಳಿದ ಆರು ದಿನವನ್ನೂ ಈ ಕಾಲುಚೀಲಗಳ ಹಿಂದೆ ನಡೆದು ಮುಗಿಸುತ್ತೇನೆ, ಮನೆಗೂ ಹೋಗುತ್ತೇನೆ, ಚಹಾ ಮಾಡುತ್ತೇನೆ. ಬೇರೆ ಹೆಸರು ಬಂದರೆ ಕೆಳಗಿನ ಊರಿನಿಂದ ಬಸ್ಸು ಹತ್ತುತ್ತೇನೆ, ಅವನ ಜೊತೆ ಇನ್ನೊಂದು ಹೆಜ್ಜೆಯನ್ನೂ ಇಡುವುದಿಲ್ಲ.

ನಿನ್ನೆ ಮಧ್ಯಾಹ್ನದವರೆಗೆ ಇದ್ಯಾವುದೂ ಇರಲಿಲ್ಲ, ನಿನ್ನೆ ಮಧ್ಯಾಹ್ನದವರೆಗೆ ನನಗಿದ್ದದ್ದು ಹಿಮ್ಮಡಿಯ ಬೊಬ್ಬೆಯೊಂದೇ. ಮಿಸೆಸ್ ಆಲ್ಡರ್‌ಸನ್ ಅವರ ಕಲ್ಲುಮನೆ, ಅಂಗಳದ ತುಂಬ ಕುರಿಯ ವಾಸನೆ, ಬೂಟು ಹೊರಗಡೆನೇ ಬಿಡಿ, ಬೇಜಾರು ಮಾಡ್ಕೋಬೇಡಿ, ಬಿಷಪ್ಪೇ ಬಂದ್ರೂ ಈ ಮನೇಲಿ ಬೂಟು ಹೊರಗೇನೇ, ಅಂದಳು ಆ ಮಹಾತಾಯಿ, ಎಪ್ಪತ್ತು ದಾಟಿದೆ, ಕೈ ಮಾತ್ರ ಬಡಗಿಯ ಕೈ. ಮೊದಲನೇ ಸಲಾನಾ ಈ ಕಡೆ? ಮೊದಲನೇ ಸಲ, ಅಂದ ನೆವಿಲ್, ನಾನು ಕೂಡ ಅವನ ಜೊತೆಗೇ ಅಂದೆ, ಇಬ್ಬರೂ ಶಾಲೆಯ ಮಕ್ಕಳ ಹಾಗೆ ಒಟ್ಟಿಗೆ ಅಂದೆವು. ಈ ಮನೆ ಬೇಡ ಎಂದು ಅವನು ಕಂಪನಿಗೆ ಎರಡು ಸಲ ಫೋನ್ ಮಾಡಿದ್ದ, ಗೋಡೆ ತೇವ ಅಂತೆ ಕಣೇ, ಯಾರೋ ಬರೆದಿದ್ರು, ನಿನ್ನ ಮಂಡಿಗೆ ಒಳ್ಳೇದಲ್ಲ ಅಂದಿದ್ದ, ನನ್ನ ಮಂಡಿಯ ಮೇಲೆ ಇವನಿಗೆಷ್ಟು ಕಾಳಜಿ ಎಂದು ನಾನು ಉಬ್ಬಿಹೋಗಿದ್ದೆ, ಬೇರೆಲ್ಲೂ ಕೋಣೆ ಖಾಲಿ ಇಲ್ಲ ಎಂದು ಅವರು ಇದನ್ನೇ ಗಟ್ಟಿ ಮಾಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ, ಆದರೆ ಕುಂಬಳಕಾಯಿ ಕಳುವಾಗಿದೆ ಎಂಬುದೇ ಆಗ ನನಗೆ ಗೊತ್ತಿರಲಿಲ್ಲವಲ್ಲ. ಅವನು ಸ್ನಾನಕ್ಕೆ ಹೋದ, ದೊಡ್ಡ ತೊಟ್ಟಿಯಲ್ಲಿ ಬಿಸಿನೀರು ತುಂಬಿಕೊಂಡು ಹಾಡುತ್ತಿದ್ದ, ಹಾಡು ಗೋಡೆ ದಾಟಿ ಬರುತ್ತಿತ್ತು, ನಾನು ಕೆಳಗಿನ ಕೋಣೆಯಲ್ಲಿ ಚಹಾ ಹಿಡಿದು ಕೂತಿದ್ದೆ, ಕಪಾಟಿನಲ್ಲಿ ಅತಿಥಿಗಳ ಪುಸ್ತಕಗಳು, ಹಳೆಯವು, ಹತ್ತೋ ಹನ್ನೆರಡೋ, ಎಲ್ಲಾ ಇಟ್ಕೊಂಡಿದೀನಿ, ಒಲೆಗೆ ಹಾಕೋಕೆ ಮನಸ್ಸು ಬರಲ್ಲ, ಓದಿ ಬೇಕಾದ್ರೆ, ಮಜಾ ಇರುತ್ತೆ ಅಂದಳು ಮಿಸೆಸ್ ಆಲ್ಡರ್‌ಸನ್, ಓದಿದೆ, ಮಜಾ ಇತ್ತು. ಅಮ್ಮ ತೀರಿಹೋದ ವರ್ಷದ್ದು ಕೈಗೆ ಬಂತು, ಸುಮ್ಮನೆ ಆ ತಿಂಗಳು ತೆಗೆದೆ, ಆ ವಾರ ಲೋಕದ ಉಳಿದವರು ಏನು ಮಾಡುತ್ತಿದ್ದರು ಎಂಬ ಕೆಟ್ಟ ಕುತೂಹಲ, ಸೆಪ್ಟೆಂಬರ್ ಹದಿನಾಲ್ಕು — ಹವೆ ಸೊಗಸು, ಮಾರ್ಮಲೇಡ್ ಅದಕ್ಕಿಂತ ಸೊಗಸು, ಮತ್ತೆ ಬರುತ್ತೇವೆ, ಎನ್ ಮತ್ತು ಆರ್. ಔಷಧದ ಅಂಗಡಿಯಲ್ಲಿ ಮೂವತ್ತು ವರ್ಷ ಡಾಕ್ಟರುಗಳ ಗೀಚು ಓದಿದವಳು ನಾನು, ಕೈಬರಹದಲ್ಲಿ ನನ್ನನ್ನು ಯಾರೂ ಮೋಸ ಮಾಡಲಾರರು, ಬಾಲ ಎಳೆದು ಮೇಲಕ್ಕೆ ತಿರುವಿದ ಆ ಅಕ್ಷರಗಳು ನಮ್ಮ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ ದಿನವೂ ಅಂಟಿಕೊಂಡಿರುತ್ತವೆ, ಹಾಲು ತಾ, ಬಲ್ಬು ತಾ, ನಾನು ಬರುವುದು ತಡ. ಚಹಾ ತಣ್ಣಗಾಯಿತು, ಮೇಲಿನ ಹಾಡು ಮುಗಿಯಲಿಲ್ಲ.

ಸೆಪ್ಟೆಂಬರ್ ಹದಿನಾಲ್ಕು, ಬೆಳಗಿನ ಹತ್ತು ಗಂಟೆ, ಅಮ್ಮನ ಬಾಯಿ ಸ್ವಲ್ಪ ತೆರೆದಿತ್ತು, ನರ್ಸು ಬಂದು ಗಡಿಯಾರ ನೋಡಿದಳು, ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಅವನಿಗೆ ಫೋನ್ ಮಾಡುತ್ತಿದ್ದೇನೆ, ಮತ್ತೆ ಮಾಡುತ್ತಿದ್ದೇನೆ, ಸಂಪರ್ಕಿಸಲಾಗುತ್ತಿಲ್ಲ, ಮತ್ತೆ. ಲೀಡ್ಸ್‌ನಲ್ಲಿ ತರಬೇತಿ, ಸರ್ವೆ ಕಚೇರಿಯವರು ಕಳಿಸ್ತಿದಾರೆ, ಬೇಡ ಅನ್ನೋಕಾಗುತ್ತಾ, ನಿಮ್ಮಮ್ಮ ಇನ್ನೂ ಒಂದು ತಿಂಗಳು ತಳ್ತಾರೆ ಕಣೇ, ಅಂತ ಹೇಳಿ ಹೋಗಿದ್ದ. ಮಾರನೆಯ ದಿನ ಸಂಜೆ ಬಂದ, ಪೆಟ್ರೋಲ್ ಬಂಕಿನಲ್ಲಿ ಮಾರುವ ಹೂವಿನ ಕಟ್ಟು ಕೈಯಲ್ಲಿ, ಕ್ಷಮಿಸೇ, ಅಲ್ಲಿ ಸಿಗ್ನಲ್ಲೇ ಇರ್ಲಿಲ್ಲ ಅಂದ. ನಿನ್ನೆ ಆ ಕಲ್ಲುಮನೆಯಲ್ಲಿ ನನ್ನ ಫೋನ್ ತೆಗೆದು ನೋಡಿದೆ, ಒಂದು ಗೆರೆಯೂ ಇಲ್ಲ, ಇಡೀ ಕಣಿವೆಯಲ್ಲಿ ಸಿಗ್ನಲ್ ಇಲ್ಲ, ಅಷ್ಟರ ಮಟ್ಟಿಗೆ ನನ್ನ ಗಂಡ ನಿಜವನ್ನೇ ಹೇಳಿದ್ದ, ಶಭಾಷ್. ಅವತ್ತು ಅವನ ಮೂಗು ಕೆಂಪಗಾಗಿತ್ತು, ಕಣ್ಣ ಸುತ್ತ ಚರ್ಮ ಸುಲಿದಿತ್ತು, ಕಾರಿನಲ್ಲಿ ಒಬ್ಬನೇ ಅತ್ತುಕೊಂಡು ಬಂದಿದ್ದಾನೆ ಎಂದುಕೊಂಡೆ, ಅಮ್ಮನಿಗಾಗಿ ಅತ್ತಿದ್ದಾನೆ ಎಂದು ಅವನ ತಲೆ ಎದೆಗೊತ್ತಿಕೊಂಡು ನಾನೇ ಅವನನ್ನು ಸಮಾಧಾನ ಮಾಡಿದೆ, ಬಿಸಿಲಿಗೆ ಸುಟ್ಟ ಮೂಗನ್ನು ಸಮಾಧಾನ ಮಾಡಿದೆ, ಥೂ.

ಬಂದ್ಯಾ, ಸರಿ ಹೊರಡೋಣ. ಗೇಟು ಹೋಯಿತು. ಕೇಳಲಿಲ್ಲ. ಬಾಯಿ ತೆರೆದೆ, ಮೋಡ ನೋಡು ಅಂದೆ, ಹೌದು, ಮೂರು ಗಂಟೆ ಹೊತ್ತಿಗೆ ಬರಬಹುದು ಅಂದ, ನಮ್ಮ ಜನ ಹೀಗೆ, ಮನೆಗೆ ಬೆಂಕಿ ಬಿದ್ದರೂ ಮೊದಲು ಹವೆಯ ಮಾತಾಡಿಕೊಂಡು ಆಮೇಲೆ ನೀರು ತರುತ್ತೇವೆ. ಬೆಳಿಗ್ಗೆ ತಿಂಡಿಯ ಹೊತ್ತಿಗೇ ಕೇಳಬಹುದಿತ್ತು, ಮೊಟ್ಟೆ, ಹುರಿದ ಟೊಮೇಟೊ, ಸುಟ್ಟ ಬ್ರೆಡ್ಡು, ಗಾಜಿನ ಬೋಗುಣಿಯಲ್ಲಿ ಮಾರ್ಮಲೇಡ್, ಕಿತ್ತಳೆ ಸಿಪ್ಪೆ ದಪ್ಪದಪ್ಪ ಹೆಚ್ಚಿದ್ದು, ಅವನು ಎರಡು ಸಲ ಹಾಕಿಕೊಂಡ, ಮೂರನೆಯ ಸಲ ಚಮಚ ಎತ್ತಿ ನನ್ನ ಮುಖ ನೋಡಿ ಕೆಳಗಿಟ್ಟ. ಮಿಸೆಸ್ ಆಲ್ಡರ್‌ಸನ್ ಚಹಾದ ಪಾತ್ರೆ ಹಿಡಿದು ನಿಂತವಳು ಅವನನ್ನೇ ದಿಟ್ಟಿಸಿ, ನಿಮ್ಮನ್ನ ಎಲ್ಲೋ ನೋಡಿದ ಹಾಗಿದೆಯಲ್ರೀ, ಅಂದಳು. ನನ್ನದು ಎಲ್ಲರ ಹಾಗಿರೋ ಮುಖ ಮೇಡಂ, ಬ್ಯಾಂಕಿನವ್ರೂ ಹಿಂಗೇ ಅಂತಾರೆ, ಅಂದ, ಅವಳು ನಕ್ಕಳು, ನಾನೂ ನಕ್ಕೆ, ನಗದೆ ಇನ್ನೇನು ಮಾಡಲಿ, ತಿಂಡಿಯ ಮೇಜಿನ ಮುಂದೆ ಅಪರಿಚಿತರ ಎದುರು ಅಳುವುದು ನಮ್ಮಲ್ಲಿಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ, ಕುಡಿದ ಮೇಲೆ ಹಾಲು ಚೆನ್ನಾಗಿತ್ತು ಎಂದು ಬರೆದು ಸಹಿ ಹಾಕುವುದು ಮಾತ್ರ ನಮ್ಮ ದೇಶದ ಬೆಕ್ಕು. ಉಂಡ ಮನೆಯ ಪುಸ್ತಕದಲ್ಲಿ ನಾಲ್ಕು ಒಳ್ಳೆಯ ಮಾತು ಬರೆಯದೆ ಹೋದರೆ ಅಸಭ್ಯತೆ, ಅವನ ಅಪ್ಪ ಕಲಿಸಿದ್ದು, ಹೆಂಡತಿಯ ಕಣ್ಣು ತಪ್ಪಿಸಿ ಬಂದವನೂ ಆ ನಿಯಮ ಮುರಿಯುವಂತಿಲ್ಲ, ಸುಳ್ಳು ಹೆಸರು ಬರೆಯುವುದು ಅದಕ್ಕಿಂತ ಅಸಭ್ಯತೆ, ಹಾಗಾಗಿ ಎನ್ ಮತ್ತು ಆರ್. ಇವತ್ತೂ ಹೊರಡುವ ಮುಂಚೆ ಪೆನ್ನು ತೆಗೆದ, ಬಾಗಿಲ ಪಕ್ಕದ ಹೊಸ ಪುಸ್ತಕದಲ್ಲಿ ನಿಂತುಕೊಂಡೇ ಬರೆದ, ನಾನು ಬೂಟಿನ ದಾರ ಕಟ್ಟುವ ನೆಪದಲ್ಲಿ ಬಾಗಿ ಓದಿದೆ, ಹವೆ ಸೊಗಸು, ಮಾರ್ಮಲೇಡ್ ಅದಕ್ಕಿಂತ ಸೊಗಸು, ಮತ್ತೆ ಬರುತ್ತೇವೆ. ಅದೇ ಮಾತು, ಒಂದಕ್ಷರ ಬದಲಾಗಿಲ್ಲ, ಹೊಸ ಮಾತು ಹುಡುಕುವ ಕಷ್ಟವನ್ನೂ ನನಗಾಗಿ ತೆಗೆದುಕೊಂಡಿಲ್ಲ.

ಒಂದು ಸಂಗತಿ ಬಿಟ್ಟೆ, ಬೇಕೆಂದೇ ಬಿಟ್ಟೆ, ಬೆಳಗಿನಿಂದ ಅದರ ಸುತ್ತಲೇ ನಡೆಯುತ್ತಿದ್ದೇನೆ. ಹಳೆಯ ಪುಸ್ತಕದಲ್ಲಿ ಆ ಸಾಲುಗಳ ಕೆಳಗೆ ಒಂದು ಚಿತ್ರವಿತ್ತು, ಪೆನ್ಸಿಲ್ಲಿನದು, ಅಂಗೈಯಷ್ಟು, ಅವನು ಬರೆದದ್ದಲ್ಲ, ಅವನಿಗೆ ಒಂದು ಬಕೆಟ್ಟು ಬರೆಯಲೂ ಬಾರದು — ಒಬ್ಬ ಗಂಡಸು, ಬೆನ್ನಿಗೊಂದು ಚೀಲ, ಎದೆಗೊಂದು ಚೀಲ, ಎದೆಯ ಚೀಲ ಗದ್ದದ ತನಕ ಏರಿದೆ, ಅದರ ಮೇಲಿಂದ ಮುಖ, ಹಲ್ಲು ಕಾಣುವ ಹಾಗೆ ನಗುತ್ತಿದ್ದಾನೆ, ಮುಂದಿನ ಸೊಟ್ಟ ಹಲ್ಲನ್ನೂ ಬಿಡದೆ ಬರೆದಿದ್ದಾರೆ. ಆ ಹಲ್ಲನ್ನು ಅವನು ಫೋಟೋದಲ್ಲಿ ಯಾರಿಗೂ ತೋರಿಸುವುದಿಲ್ಲ, ನಮ್ಮ ಮದುವೆಯ ಫೋಟೋದಲ್ಲಿ ಬಾಯಿ ಹೊಲಿದಂತೆ ನಿಂತಿದ್ದಾನೆ, ಹಾಗಾದರೆ ಯಾರೆದುರು ಇಷ್ಟು ಬಾಯಿ ಬಿಟ್ಟು ನಕ್ಕ, ಯಾರ ಚೀಲ ಅದು. ಕಡಲಿನ ದಂಡೆಯಲ್ಲಿ, ಮೊದಲನೆಯ ದಿನ, ನನ್ನ ಚೀಲ ಹೆಗಲಿಗೇರಿಸಲು ಒದ್ದಾಡುತ್ತಿದ್ದಾಗ, ಪಕ್ಕದಲ್ಲಿ ನಿಂತು ನೋಡುತ್ತಿದ್ದವನು ಹೇಳಿದ, ನಡೆಯೋರಿಗೆ ಇರೋದು ಒಂದೇ ಕಾನೂನು ಹೇಜಲ್, ಅವರವರ ಚೀಲ ಅವರವರ ಬೆನ್ನಿಗೆ. ಒಪ್ಪಿಕೊಂಡೆ, ಕಾನೂನು ಅಂದರೆ ಕಾನೂನು, ಮಳೆ ಅಂಗಿ, ಫ್ಲಾಸ್ಕು, ಚೀಸ್ ಹಾಕಿದ ಬ್ರೆಡ್ಡು, ಅಷ್ಟೇ ತಾನೆ, ಬೆಟ್ಟ ಹತ್ತುವಾಗ ಅಷ್ಟೂ ಕಲ್ಲಾಗುತ್ತದೆ, ಆದರೂ ಕೊಡು ಎಂದು ಅವನು ಕೇಳಲಿಲ್ಲ, ತಗೋ ಎಂದು ನಾನೂ ಹೇಳಲಿಲ್ಲ. ರೇಮಂಡ್ ಇರಬಹುದು, ರೇಮಂಡ್ ದಪ್ಪಗಿದ್ದ, ಅವನ ಕಚೇರಿಯ ಗೆಳೆಯ, ಎರಡು ಮಹಡಿ ಹತ್ತಿದರೆ ಉಸಿರು ಕಟ್ಟುತ್ತಿತ್ತು, ಇಬ್ಬರೂ ಸೇರಿ ಮೀನು ಹಿಡಿಯಲು ಹೋಗುತ್ತಿದ್ದರು, ಅವನ ಚೀಲವನ್ನೇ ಇವನು ಹೊತ್ತಿರಬಹುದು, ರೇಮಂಡ್ ಚಿತ್ರ ಬರೆಯುತ್ತಿದ್ದನೋ ಏನೋ, ಕೇಳೋಣವೆಂದರೆ ಎರಡು ವರ್ಷದ ಹಿಂದೆ ಸತ್ತುಹೋದ. ರೇಮಂಡ್ ಆಗಿದ್ದರೂ ಸುಳ್ಳು ಸುಳ್ಳೇ, ಆದರೆ ಸಣ್ಣ ಸುಳ್ಳು, ಅತ್ತೆಯ ಸಾವಿನ ಮನೆಯಿಂದ ತಪ್ಪಿಸಿಕೊಂಡ ಅಳಿಯನ ಸುಳ್ಳು, ಅದನ್ನು ಕಷ್ಟಪಟ್ಟು ನುಂಗಬಲ್ಲೆ, ದೇವರೇ ಅದು ರೇಮಂಡ್ ಆಗಿರಲಿ, ಅರವತ್ತೆರಡನೆಯ ವಯಸ್ಸಿನಲ್ಲಿ ಇಂಥ ಬೇಡಿಕೆ ಇಡುವ ಗತಿ ಬಂತಲ್ಲ ನನಗೆ.

ಮುರಿದ ಕೊಟ್ಟಿಗೆಯ ಹತ್ತಿರ ದಾರಿ ಮೂರಾಗಿ ಒಡೆಯಿತು, ಒಂದು ಹೊಳೆಗೆ, ಒಂದು ಬಯಲುಗುಡ್ಡಕ್ಕೆ, ಒಂದು ಯಾರದೋ ಅಂಗಳಕ್ಕೆ, ಇಂಥ ಕಡೆ ಅವನು ನಿಂತು ಹಾಳೆಯನ್ನು ದೊಡ್ಡ ದನಿಯಲ್ಲಿ ಓದುತ್ತಾನೆ, ಎಡಕ್ಕೆ ಕೊಟ್ಟಿಗೆ ಬಿಟ್ಟು, ಐವತ್ತು ಗಜ ನಡೆದು, ನಾನು ಪ್ರಾರ್ಥನೆ ಕೇಳುವ ಹಾಗೆ ತಲೆ ತಗ್ಗಿಸಿ ಕೇಳಬೇಕು. ಇವತ್ತು ಓದಲಿಲ್ಲ, ಹಾಳೆ ಎತ್ತಲೂ ಇಲ್ಲ, ಕಾಲುಚೀಲಗಳು ಸೀದಾ ಎಡಕ್ಕೆ ತಿರುಗಿ, ಗೋಡೆಯ ಮರೆಯಲ್ಲಿದ್ದ ತಡಮೆ, ಗೋಡೆ ದಾಟಲು ಇಟ್ಟ ಕಲ್ಲಿನ ಮೆಟ್ಟಿಲು, ಹತ್ತಿ ಆಚೆ ಇಳಿದವು, ನಾನು ಬಂದು ಮೂರು ನಿಮಿಷ ಹುಡುಕಿದರೂ ಕಾಣದ ತಡಮೆ, ಮೆಟ್ಟಿಲುಗಳೆಲ್ಲ ಹುಲ್ಲಿನಲ್ಲಿ ಮುಚ್ಚಿಹೋಗಿವೆ. ಹಿಂದಿನಿಂದ ಗಾಡಿಯ ಸದ್ದು, ನಾಲ್ಕು ಚಕ್ರದ ಮೋಟಾರಿನ ಮೇಲೆ ಒಬ್ಬ ಕುರಿಯವನು, ಮಡಿಲಲ್ಲಿ ನಾಯಿ, ಏನಮ್ಮಾ, ಯಜಮಾನ್ರು ಕಳ್ದುಹೋದ್ರಾ? ಇಲ್ಲ, ಅಗೋ ಮುಂದೆ ಹೋಗ್ತಿದಾರೆ, ಅಂದೆ. ಅವನು ಹಣೆಗೆ ಕೈ ಅಡ್ಡ ಹಿಡಿದು ನೋಡಿ, ಓಹೋ, ಹಂಗಾದ್ರೆ ಕಳ್ದುಹೋಗಿರೋದು ನೀವು, ಅವ್ರಿಗಿನ್ನೂ ಗೊತ್ತಾಗಿಲ್ಲ ಅಷ್ಟೇ, ಎಂದು ತನ್ನ ಮಾತಿಗೆ ತಾನೇ ನಕ್ಕು ಹೋದ, ನಾಯಿ ಮಾತ್ರ ಹಿಂದಿರುಗಿ ನನ್ನನ್ನು ನೋಡುತ್ತಲೇ ಇತ್ತು. ತಡಮೆಯ ಮೇಲೆ ಕೂತೆ, ಜೇಬಿನಲ್ಲಿ ಪಶ್ಚಿಮದ ಕಡಲಿನ ಕಲ್ಲಿತ್ತು, ಈ ದಾರಿ ನಡೆಯುವವರೆಲ್ಲ ಆ ದಂಡೆಯಿಂದ ಒಂದು ಕಲ್ಲು ಆರಿಸಿಕೊಂಡು ಪೂರ್ವದ ದಂಡೆಗೆ ಹಾಕಬೇಕಂತೆ, ತೆಗೆದು ಕುರಿಹಿಕ್ಕೆಯ ನಡುವೆ ಎಸೆದೆ, ಯಾವ ಕಡಲಿಗೂ ಬೇಡ, ಇಲ್ಲೇ ಬಿದ್ದಿರಲಿ. ಜೀವ ಒಂದಿಷ್ಟು ಹಗುರಾಯಿತು, ಎದ್ದು ನಡೆದೆ.

ಬಂದ್ಯಾ, ಸರಿ ಹೊರಡೋಣ. ಈ ಗೇಟಲ್ಲ, ಮುಂದಿನದು. ಎರಡು ಚೀಲ ಹೊತ್ತ ಗಂಡಸು ನಗುತ್ತಿದ್ದಾನೆ, ಹುಲ್ಲಿನಲ್ಲಿ ನಗುತ್ತಿದ್ದಾನೆ, ಗೋಡೆಯ ಕಲ್ಲುಗಳಲ್ಲಿ ನಗುತ್ತಿದ್ದಾನೆ, ಮುಂದೆ ಹೋಗುವವನಿಗೆ ಒಂದೇ ಚೀಲ, ಮುಖವೇ ಇಲ್ಲ, ಬೆನ್ನಷ್ಟೇ. ಇವರಿಬ್ಬರೂ ಒಬ್ಬನೇ ಎಂದರೆ ನಾನು ಯಾರ ಜೊತೆ ಬಾಳಿದೆ, ಚೀಲ ಹೊರದ ಗಂಡನನ್ನು ನಾನು ಬಯ್ಯಬಲ್ಲೆ, ಇವನ ಜಾತಿಯೇ ಹೀಗೆ, ಯಾರಿಗೂ ಹೊರುವವನಲ್ಲ, ಕಲ್ಲು ಎದೆ, ಎಂದುಕೊಂಡು ಮೂವತ್ತಾರು ವರ್ಷ ತಳ್ಳಿದೆ, ಅದೊಂದು ಸಮಾಧಾನವಿತ್ತು, ಹೊರಬಲ್ಲವನು ನನಗೆ ಹೊರಲಿಲ್ಲ ಎಂದಾದರೆ — ಹಳ್ಳ ಬಂತು, ಸಣ್ಣದು, ನಾಲ್ಕು ಕಲ್ಲು ಇಟ್ಟಿದ್ದಾರೆ, ಅವನು ದಾಟಿಹೋಗಿದ್ದಾನೆ, ಎರಡನೆಯ ಕಲ್ಲಿನ ಮೇಲೆ ಹಸಿರು ಪಾಚಿ, ಕಾಲು ಜಾರಿತು, ಆಕಾಶ ಒಂದು ಸಲ ಪಕ್ಕಕ್ಕೆ ಬಂತು, ಮಂಡಿ ಕಲ್ಲಿಗೆ ಬಡಿದ ಸದ್ದು ನನಗೇ ಕೇಳಿಸಿತು. ನೀರು ತಣ್ಣಗೆ ಬೂಟಿನೊಳಗೆ ಬರುತ್ತಿದೆ, ಕೂಗಲಿಲ್ಲ, ಕೂಗಬಾರದು ಅಂದುಕೊಂಡೆ, ಆದರೂ ಅವನು ತಿರುಗಿದ, ಎಂಟು ದಿನದಲ್ಲಿ ಮೊದಲ ಸಲ ನನ್ನ ಕಡೆ ನಡೆದು ಬಂದ, ನಡೆದದ್ದಲ್ಲ, ಓಡಿ ಬಂದ. ಅಯ್ಯೋ ಹೇಜಲ್, ಎಲ್ಲಿ ತಾಗ್ತು, ಕಾಲು ಮಡಚು ನೋಡೋಣ, ಮೆಲ್ಲಗೆ, ಹಾಂ, ಮುರಿದಿಲ್ಲ ಕಣೇ, ತರಚಿದೆ ಅಷ್ಟೇ, ಅಂದ, ಅವನ ಕೈ ಬೆಚ್ಚಗಿದೆ, ಕರವಸ್ತ್ರ ಒದ್ದೆ ಮಾಡಿ ಮಂಡಿಗೆ ಸುತ್ತುತ್ತಿದ್ದಾನೆ, ನೆತ್ತಿಯ ಕೂದಲು ತೆಳ್ಳಗಾಗಿದೆ, ಅಲ್ಲಿನ ಕೆಂಪು ಚರ್ಮ ನೋಡಿ ನನಗೆ ಕರುಳು ಹಿಂಡಿತು, ಹಾಳು ಕರುಳು, ಅದಕ್ಕೆ ಬುದ್ಧಿ ಇಲ್ಲ. ಈಗ ಕೇಳು, ಮುಖ ಇಷ್ಟು ಹತ್ತಿರ ಇದೆ, ಈಗಲೇ ಕೇಳು. ಕೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಅವನು, ಆ ಚೀಲ ಕೊಡಿಲ್ಲಿ, ಅಂದ.

ಬೇಡ, ಅವರವರ ಚೀಲ ಅವರವರ ಬೆನ್ನಿಗೆ, ಅಂದೆ ನಾನು, ನನ್ನ ದನಿ ನನಗೇ ಚಿಕ್ಕ ಹುಡುಗಿಯದು ಅನ್ನಿಸಿತು. ಹುಚ್ಚಿ, ಕಾನೂನು ಮಾಡಿದೋನು ನಾನು ತಾನೇ, ಕೊಡೇ, ಅಂದು ನನ್ನ ಹೆಗಲಿನಿಂದ ತಾನೇ ಕಳಚಿದ, ಈ ಚೀಲವನ್ನು ಮಾರ್ಚ್ ತಿಂಗಳಲ್ಲಿ ಕೊಂಡದ್ದು, ನನ್ನ ಬದುಕಿನ ಮೊದಲನೆಯ ಬೆನ್ನುಚೀಲ, ಇಷ್ಟು ದಿನ ಅವನ ಕೈ ಅದನ್ನು ಮುಟ್ಟಿಯೂ ಇಲ್ಲ. ಒಂದು ಕೈ ತೂರಿಸಿದ, ಇನ್ನೊಂದು ಕೈ ತೂರಿಸಿದ, ಚೀಲ ಎದೆಗೆ ಬಂತು, ನೋಡದೆಯೇ ಬೆರಳಲ್ಲಿ ಎಡದ ಪಟ್ಟಿಯನ್ನು ಬೆನ್ನಿನ ಚೀಲದ ಪಟ್ಟಿಯೊಳಗಿಂದ ಎಳೆದು ಕೊಂಡಿ ಹಾಕಿದ, ಬಲದ್ದನ್ನೂ, ಮನೆಯ ಬೀಗ ಹಾಕಿದಷ್ಟು ಸಲೀಸು. ಹೆಂಗಸ್ರ ಚೀಲಕ್ಕೆ ಪಟ್ಟಿ ಗಿಡ್ಡ ಇರುತ್ತೆ ನೋಡು, ಅಂದ ಬಿಗಿ ಮಾಡುತ್ತ, ಹೊಟ್ಟೆ ಹತ್ರ ಬಿಟ್ರೆ ಇಳಿಯೋವಾಗ ತೊಡೆಗೆ ಬಡೀತಾ ಇರುತ್ತೆ, ಗದ್ದದ ತನಕ ಎತ್ತಿ ಕಟ್ಬೇಕು, ಮೊದಲ ಒಂದು ಮೈಲಿ ಕತ್ತು ನೋಯುತ್ತೆ, ಆಮೇಲೆ ಅಭ್ಯಾಸ ಆಗ್ಹೋಗುತ್ತೆ. ಹೇಳಿದ, ಹೇಳಿ ಮುಗಿಸಿದ, ತಾನು ಏನು ಹೇಳಿದೆನೆಂದು ಅವನಿಗೆ ಗೊತ್ತಾಗಲಿಲ್ಲ, ದಂಡೆ ಹತ್ತಿದ, ಹಳ್ಳದಲ್ಲಿ ನೀರು ಹರಿಯುತ್ತಿದೆ, ನಾನು ಏನನ್ನೂ ಕೇಳುತ್ತಿಲ್ಲ, ಕೇಳುವುದು ಉಳಿದಿಲ್ಲ, ರೇಮಂಡ್ ಅಲ್ಲ, ರೇಮಂಡ್ ಯಾವತ್ತೂ ಆಗಿರಲಿಲ್ಲ, ಕೆಳಗಿನ ಊರಿನಿಂದ ಬಸ್ಸು ಎಷ್ಟು ಹೊತ್ತಿಗೋ. ಮೇಲೆ ಹೋದವನು ಅಲ್ಲೇ ನಿಂತ, ಮುಂದೆ ಹೊರಡದೆ ನಿಂತ, ಸಾವಕಾಶ ಬಾರೇ, ಅವಸರ ಏನಿಲ್ಲ, ಅಂದ, ನನ್ನ ಕಡೆಗೇ ಪೂರಾ ತಿರುಗಿದ್ದಾನೆ, ಬೆನ್ನಿಗೊಂದು, ಎದೆಗೊಂದು, ಗದ್ದದ ತನಕ ಏರಿದ ಚೀಲದ ಮೇಲಿಂದ ಮುಖ, ಚಿತ್ರ ಬರೆದವಳು ನಿಂತಿದ್ದ ಜಾಗದಲ್ಲಿ ನಾನು ಕೂತಿದ್ದೇನೆ, ಸೊಟ್ಟ ಹಲ್ಲು ಕಾಣುತ್ತಿದೆ, ನಗುತ್ತಿದ್ದಾನೆ, ಎರಡು ಚೀಲ ಹೊತ್ತ ಗಂಡಸು, ನಗುತ್ತಿದ್ದಾನೆ, ಎರಡು ಚೀಲ, ಹಲ್ಲು, ಎರಡು ಚೀಲ —